ಸ್ಟೋರ್ ರೂಮಲ್ಲಿ ನೀರಿಲ್ದೆ, ಮಣ್ಣಿಲ್ದೆ ಹೂ ಬಿಟ್ಟಿದೆ, ಇದು ಯಾವ ಈರುಳ್ಳಿ?

ಶೇಂಗಾ_ಹೊಲ · ಏಪ್ರಿಲ್ 11, ರಾತ್ರಿ 9:40

ಎಲ್ರಿಗೂ ನಮಸ್ಕಾರ. ಗಿಡದ ಬಗ್ಗೆ ತಿಳಿದೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ, ಮನೇಲಿ ಎರಡು ದಿನದಿಂದ ಬರೀ ಇದೇ ಮಾತು.

ನಮ್ಮದು ಚಳ್ಳಕೆರೆ ತಾಲೂಕು, ವೇದಾವತಿ ದಂಡೆ ಕಡೆ, ನಾವೆಲ್ಲ ಹಗರಿ ಅಂತಾನೇ ಅನ್ನೋದು. ಹೊಲದ ಒಂದು ಮೂಲೆ ಪೂರ್ತಿ ಮರಳು, ಅಲ್ಲಿ ಶೇಂಗಾ ಹಾಕಿದ್ರೂ ಬರಲ್ಲ ಸಜ್ಜೆ ಹಾಕಿದ್ರೂ ಬರಲ್ಲ, ಜಾಲಿ ಬಿಟ್ರೆ ಏನೂ ಇಲ್ಲ, ಅಪ್ಪ ಅದನ್ನ ಲೆಕ್ಕಕ್ಕೇ ತಗೊಳಲ್ಲ. ಹೋದ ಡಿಸೆಂಬರಲ್ಲಿ ಪೈಪ್‌ಲೈನ್ ಎಳೆಸೋಕೆ ಅಂತ ಅಲ್ಲಿ ಜೆಸಿಬಿ ಬಿಟ್ವಿ. ಒಂದಡಿ ಆಳಕ್ಕೆ ಹೋಗ್ತಿದ್ದಂಗೆ ಬೆಳ್ಳಗೆ ದುಂಡುದುಂಡು ಗಡ್ಡೆ ಎದ್ದು ಬಂದ್ವು, ಹನ್ನೆರಡೋ ಹದಿಮೂರೋ. ಒಂದೊಂದು ಮುಷ್ಟಿ ಗಾತ್ರ. ಮೇಲೆ ಎಲೆ ಇಲ್ಲ ಕಡ್ಡಿ ಇಲ್ಲ, ಅಲ್ಲಿ ಗಡ್ಡೆ ಇದೆ ಅಂತ ಗೊತ್ತಾಗೋಕೆ ಒಂದು ಗುರುತೂ ಇರ್ಲಿಲ್ಲ. ಪದರ ಪದರ, ಮೇಲೆ ತೆಳು ಸಿಪ್ಪೆ, ನೋಡಿದ್ರೆ ಅಪ್ಪಟ ಬಿಳಿ ಈರುಳ್ಳಿ. ನಾವು ಈರುಳ್ಳಿ ಬೆಳೆಯೋರು ಬೇರೆ, ಯಾವ ಕಾಲದಲ್ಲೋ ಉಳ್ಕೊಂಡಿರೋ ಗಡ್ಡೆ ಇರಬೇಕು ಅಂತ ಅಮ್ಮ ತಂದು ಬಿತ್ತನೆ ಈರುಳ್ಳಿ ಚೀಲದ ಪಕ್ಕ ಇನ್ನೊಂದು ಗೋಣೀಲಿ ಹಾಕಿ ಇಟ್ರು.

ಸಂಕ್ರಾಂತಿ ಹೊತ್ತಿಗೆ ಒಂದು ದಿನ ಅಮ್ಮ ಅದರಲ್ಲಿ ಒಂದನ್ನ ಸಾರಿಗೆ ಅಂತ ಹೆಚ್ಚಿದ್ರಂತೆ. ಕಣ್ಣಲ್ಲಿ ನೀರು ಬರ್ಲಿಲ್ಲ, ವಾಸನೆ ಇಲ್ಲ, ಲೋಳೆಸರ ಕೊಯ್ದಂಗೆ ಲೋಳೆ ಲೋಳೆ, ಆಮೇಲೆ ಕೈ ಸಂಜೆವರೆಗೂ ತುರಿಕೆ. ಸದ್ಯ ಪಾತ್ರೆಗೆ ಹಾಕ್ಲಿಲ್ಲ, ತಿಪ್ಪೆಗೆ ಎಸೆದ್ರು. ಉಳಿದಿದ್ದನ್ನ ಎಸೆಯೋಕೆ ಮರೆತ್ರು, ನಾವೂ ಮರೆತ್ವಿ.

ಈಗ ವಿಷಯಕ್ಕೆ ಬರ್ತೀನಿ. ಮೊನ್ನೆ ಸ್ಟೋರ್ ರೂಮ್ ಬಾಗಿಲು ತೆಗೆದ್ರೆ ಗೋಣಿ ಬಾಯಿಂದ ಎರಡೂವರೆ ಅಡಿ ಉದ್ದದ ಕೋಲು ಹೊರಗೆ ಬಂದಿದೆ! ಒಂದಲ್ಲ, ಐದು. ಎಲ್ಲಾ ಕಿಟಕಿ ಸಂದಿಯ ಬೆಳಕಿನ ಕಡೆ ಕತ್ತು ಬಗ್ಗಿಸಿಕೊಂಡು ನಿಂತಿವೆ. ಒಂದು ಎಲೆ ಇಲ್ಲ. ಕೋಲಿನ ತುದಿ ಕಡೆ ದೂರ ದೂರ ತೊಟ್ಟು, ಅದರಲ್ಲಿ ಜೋಲುಬಿದ್ದ ಸಣ್ಣ ಹೂವು, ಬಣ್ಣ ಏನಂತ ಹೇಳೋದು, ಕಂದು ಅಂದ್ರೆ ಕಂದಲ್ಲ, ಹಸಿರು ಅಂದ್ರೆ ಹಸಿರಲ್ಲ, ಒಣಗಿದ ಹುಲ್ಲಿನ ಬಣ್ಣ. ಆರು ಎಸಳು, ಪ್ರತಿ ಎಸಳಿನ ನಡುವೆ ಒಂದು ಕಡು ಗೆರೆ. ಫೋಟೋ ಹಾಕಿದೀನಿ ನೋಡಿ.

ನಾಲ್ಕು ತಿಂಗಳಿಂದ ಒಂದು ಹನಿ ನೀರು ಮುಟ್ಟಿಲ್ಲ, ಮಣ್ಣಿಲ್ಲ, ಬಿಸಿಲಿಲ್ಲ, ಎಲ್ಲಿಂದ ಬಂತು ಇಷ್ಟು ತ್ರಾಣ? ಇದು ಏನು, ತಿನ್ನಬಹುದಾ, ಇಟ್ಕೋಬೇಕಾ ಎಸೀಬೇಕಾ? ಪಕ್ಕದ ಮನೆ ಅಜ್ಜಿ ಬಂದು ನೋಡಿ "ಅಡವಿ ಈರುಳ್ಳಿ ಕಣಪ್ಪ, ಅಡುಗೆ ಮನೆ ಹತ್ರ ಇಡಬ್ಯಾಡ" ಅಂದು ಹೋದ್ರು, ಯಾಕಜ್ಜಿ ಅಂದ್ರೆ ಬಾಯಿ ಬಿಡ್ತಿಲ್ಲ.

ಉಪ್ಪುಗಾಳಿ · ಏಪ್ರಿಲ್ 11, ರಾತ್ರಿ 10:25

ಮಾರಾಯ್ರೆ ಇದು ನಮ್ಮ ಕಡೆಯೂ ಉಂಟು. ನಾನು ಕುಂದಾಪುರದವ. ಕಡಲ ಬದಿಯಲ್ಲಿ ಅಡುಂಬು ಬಳ್ಳಿ ಹಬ್ಬಿರ್ತದಲ್ಲ, ಅದರ ಹಿಂದೆ ಗಾಳಿ ಮರದ ತೋಪಿನ ಮರಳಲ್ಲಿ ಇಂಥದೇ ಗಡ್ಡೆ ಇರ್ತದೆ. ಮೊದಲ ಮಳೆ ಬಿದ್ದ ಕೂಡ್ಲೇ ಬೆಳ್ಳಗೆ ದೊಡ್ಡ ಹೂ, ಒಳಗೊಂದು ಬಟ್ಟಲು ಇಟ್ಟ ಹಾಗೆ, ಪರಿಮಳ ಅಂದ್ರೆ ಪರಿಮಳ. ಅದೇ ಇರ್ಬೇಕು. ನಿಮ್ಮದು ನೀರಿಲ್ಲದ್ದಕ್ಕೆ ಬಣ್ಣ ಕಂದಾಗಿದೆಯೋ ಏನೋ.

ಬಾಟನಿ_ಮೇಷ್ಟ್ರು · ಏಪ್ರಿಲ್ 12, ಬೆಳಗ್ಗೆ 6:15

ಉಪ್ಪುಗಾಳಿಯವ್ರೆ, ನೀವು ಹೇಳ್ತಿರೋದು ಪ್ಯಾಂಕ್ರೇಶಿಯಂ, ಅದು ಬೇರೆ. ನೀರು ಕಮ್ಮಿ ಆಯ್ತು ಅಂತ ಅಷ್ಟು ದೊಡ್ಡ ಬಿಳಿ ಹೂವು ಒಣಹುಲ್ಲಿನ ಬಣ್ಣದ ಸಣ್ಣ ಹೂವಾಗಲ್ಲ 🙂 ಆ ಬಟ್ಟಲು ಇದೆಯಲ್ಲ, ಅದೇ ಅದರ ಗುರುತು.

ಫೋಟೋದಲ್ಲಿರೋದು ಕಾಡು ಈರುಳ್ಳಿ, ಅಜ್ಜಿ ಹೇಳಿದ್ದೇ ಸರಿ. ಈಗಿನ ಹೆಸರು ಡ್ರಿಮಿಯಾ ಇಂಡಿಕಾ. ನಾನು ಓದಿದ್ದು, ಮೂವತ್ತು ವರ್ಷ ಪಾಠ ಮಾಡಿದ್ದು ಎಲ್ಲಾ ಅರ್ಜೀನಿಯಾ ಇಂಡಿಕಾ ಅಂತ, ಹಳೇ ಪುಸ್ತಕದಲ್ಲಿ ಹುಡುಕಿದ್ರೆ ಆ ಹೆಸರಲ್ಲೇ ಸಿಗುತ್ತೆ. ಅದಕ್ಕೂ ಮುಂಚೆ ರಾಕ್ಸ್‌ಬರ್ಗ್ ಅನ್ನೋ ಸಸ್ಯಶಾಸ್ತ್ರಜ್ಞರು ಇಟ್ಟಿದ್ದು ಸಿಲ್ಲಾ ಇಂಡಿಕಾ, 1977ರಲ್ಲಿ ಜೆಸಪ್ ಅನ್ನೋರು ಡ್ರಿಮಿಯಾಕ್ಕೆ ಸೇರಿಸಿದ್ರು. ಗಡ್ಡೆ ಮಾತ್ರ ಅಲ್ಲೇ ಮರಳಲ್ಲಿ ಕೂತಿದೆ, ಹೆಸರು ಮನೆ ಬದಲಾಯಿಸ್ತಾನೇ ಇದೆ. ಸಂಸ್ಕೃತದಲ್ಲಿ ವನಪಲಾಂಡು, ಕೋಲಕಂದ. ಪಲಾಂಡು ಅಂದ್ರೆ ಈರುಳ್ಳಿ, ಕೋಲ ಅಂದ್ರೆ ಹಂದಿ. ತಮಿಳ್ರು ನರಿ ವೆಂಗಾಯಂ ಅಂತಾರೆ. ಹಂದೀದೋ ನರೀದೋ ಕಾಡಿಂದೋ, ಒಟ್ಟಿನಲ್ಲಿ ಮನುಷ್ಯರದ್ದಲ್ಲ ಅಂತ ಹೆಸರಿಟ್ಟೋರೆಲ್ಲಾ ಒಪ್ಪಿದಾರೆ ನೋಡಿ.

ನಿಜವಾದ ಈರುಳ್ಳಿಗೂ ಇದಕ್ಕೂ ನೆಂಟಸ್ತಿಕೆ ಬಹಳ ದೂರದ್ದು. ಇದು ಈಗ ಶತಾವರಿ ಕುಟುಂಬದಲ್ಲಿದೆ, ಈರುಳ್ಳಿ ಬೆಳ್ಳುಳ್ಳಿ ಅಮರಿಲ್ಲಿಡೇಸಿ ಕುಟುಂಬದಲ್ಲಿ. ತಮಾಷೆ ಏನಂದ್ರೆ ಉಪ್ಪುಗಾಳಿಯವರ ಬಿಳಿ ಹೂವು ಈರುಳ್ಳಿ ಕುಟುಂಬಕ್ಕೇ ಸೇರಿದ್ದು, ಹಂಗಂತ ಅದನ್ನೂ ಯಾರೂ ಬಾಯಿಗೆ ಹಾಕ್ಬೇಡಿ, ಅದೂ ವಿಷಾನೇ. ಗುರುತು ಹಿಡಿಯೋದು ಕಷ್ಟ ಅಲ್ಲ. ಈರುಳ್ಳಿ ಎಲೆ ಒಳಗೆ ಟೊಳ್ಳು, ಇದರ ಎಲೆ ಚಪ್ಪಟೆ ಪಟ್ಟಿ. ಈರುಳ್ಳಿ ಹೂವು ಕೋಲಿನ ತುದೀಲಿ ಚೆಂಡಿನ ಥರ ಒಂದೇ ಕಡೆ, ಇದರ ಹೂವು ಕೋಲಿನ ಉದ್ದಕ್ಕೂ ಬಿಡಿಬಿಡಿ. ವಾಸನೆ ಅಂತೂ ನಿಮ್ಮಮ್ಮಾನೇ ಕಂಡು ಹಿಡಿದಿದಾರೆ.

ಈಗ ನಿಮ್ಮ ಅಸಲಿ ಪ್ರಶ್ನೆ, ನೀರಿಲ್ದೆ ಹೆಂಗೆ. ಇದು ಎರಡು ಪಾಳಿಯಲ್ಲಿ ಬದುಕೋ ಗಿಡ. ಮುಂಗಾರು ಬಿದ್ಮೇಲೆ ಎಲೆ ಬರುತ್ತೆ, ಅಕ್ಟೋಬರ್ ನವೆಂಬರ್‌ವರೆಗೂ ಬಿಸಿಲು ಕುಡ್ದು ಮಾಡಿದ್ದನ್ನೆಲ್ಲ ಗಡ್ಡೆಗೆ ಇಳಿಸುತ್ತೆ, ಆಮೇಲೆ ಎಲೆ ಒಣಗಿ ಮಾಯ. ನೀವು ಅಗೆದಿದ್ದು ಡಿಸೆಂಬರಲ್ಲಿ, ಅಷ್ಟೊತ್ತಿಗೆ ಕೂಡಿಡೋ ಕೆಲಸ ಮುಗಿದಿತ್ತು, ಕಣಜ ತುಂಬಿದ್ಮೇಲೆ ನೀವು ಹೊತ್ಕೊಂಡು ಬಂದಿದೀರ. ಅಮ್ಮನ ಕೈಗೆ ಅಂಟಿದ ಲೋಳೆ ಇದೆಯಲ್ಲ ಅದರಲ್ಲೇ ನೀರು ಹಿಡಿದಿಟ್ಕೊಂಡಿರುತ್ತೆ. ಹೊರಗಡೆ ನೀರೂ ಮಣ್ಣೂ ಅದಕ್ಕೆ ಈಗ ಬೇಕಾಗೇ ಇಲ್ಲ. ನೆಲದಲ್ಲಿ ಇದ್ದಿದ್ರೂ ಇದೇ ಮಾರ್ಚ್ ಏಪ್ರಿಲಲ್ಲಿ, ಕೆಂಡದಂಥ ಮರಳಲ್ಲಿ, ಬರೀ ಕೋಲು ಎದ್ದು ಹೂ ಬಿಡ್ತಿತ್ತು. ಬೇಸಿಗೇಲಿ ಎಲೆ ಇಟ್ಕೊಂಡ್ರೆ ನೀರು ಹಾರಿ ಹೋಗುತ್ತೆ, ಅದಕ್ಕೇ ಎಲೆಗೆ ರಜೆ. ಇನ್ನೊಂದು ಲಾಭ ಏನಂದ್ರೆ ಈಗ ಹೂ ಬಿಟ್ರೆ ಮೊದಲ ಮಳೆ ಹೊತ್ತಿಗೆ ಬೀಜ ರೆಡಿ.

ನಾಳೆ ಬೆಳಗ್ಗೆ ಹೊಲದ ಆ ಮೂಲೆಗೆ ಹೋಗಿ ನೋಡಿ, ಉಳಿದಿರೋವು ಅಲ್ಲೂ ಎದ್ದಿರ್ತವೆ.

ಉಳ್ಳಾಗಡ್ಡಿ_ಭಜಿ · ಏಪ್ರಿಲ್ 12, ಬೆಳಗ್ಗೆ 9:02

ಮೇಷ್ಟ್ರ ಹೇಳಿದ್ದು ಖರೇ ಐತಿ, ನಮ್ಮ ಕಡೆ ಅಡವಿ ಉಳ್ಳಾಗಡ್ಡಿ ಅಂತೀವ್ರಿ. ಧಾರವಾಡ ಜಿಲ್ಲಾ. ಆದ್ರ ಎಸೀಬ್ಯಾಡ್ರಿ ಮತ್ತ, ಭಾಳ ಔಷಧಿ ಗಡ್ಡಿ ಅದು. ನಮ್ಮ ಅಜ್ಜಗ ಕಾಲಾಗ ಆಣಿ ಆಗಿದ್ವು, ಹೊಲದಾಗ ಬರಿಗಾಲಿಲೆ ಅಡ್ಡಾಡೂ ಮಂದಿ ನೋಡ್ರಿ, ಕುರಿ ಕಾಯೂ ಒಬ್ಬ ಮುದುಕ ಈ ಗಡ್ಡಿ ಕೆಂಡದಾಗ ಸುಟ್ಟು ಬಿಸಿ ಇದ್ದಾಗನ ಹಿಮ್ಮಡಕ್ಕ ಕಟ್ಟತಿದ್ದ. ನಾಲ್ಕೈದ ದಿನಕ್ಕ ಆಣಿ ಮೆತ್ತಗಾಗಿ ಬಿಚ್ಕೊಂಡ ಬರತಿತ್ತು. ಕೆಮ್ಮು ದಮ್ಮಿಗೂ ಕೊಡತಾರ, ಒಣಗಿಸಿ ಪುಡಿ ಮಾಡಿ ಜೇನುತುಪ್ಪದಾಗ ಒಂದ ಚಿಟಿಕಿ. ನಮ್ಮ ಫ್ಯಾಮಿಲಿ ಗ್ರೂಪಿನಾಗೂ ಮೊನ್ನೆ ಬಂದಿತ್ತು, ಕಿಡ್ನಿ ಸ್ಟೋನಿಗೂ ಚಲೋ ಅಂತ.

ಔಷಧಿ_ಅಂಗಡಿ · ಏಪ್ರಿಲ್ 12, ಬೆಳಗ್ಗೆ 9:30

ಅಂಗಡಿ ತೆಗೆಯೋಕೆ ಮುಂಚೆ ಇದನ್ನ ಟೈಪ್ ಮಾಡ್ತಿದೀನಿ, ದಯವಿಟ್ಟು ಎಲ್ರೂ ಓದಿ.

ಭಜಿ ಅಣ್ಣ, ಆಣಿಗೆ ಕಟ್ಟೋದು ಹಳೇ ಪದ್ಧತಿ, ಒಪ್ತೀನಿ. ಆ ಚಿಟಿಕೆ ಪುಡಿ ಸಮಾಚಾರ ಮಾತ್ರ ಇಲ್ಲಿಗೇ ಬಿಡಿ. ನಾನು ಬಿ.ಫಾರ್ಮ್ ಮಾಡೋವಾಗ ಫಾರ್ಮಕಾಗ್ನಸಿ (ಗಿಡಮೂಲದ ಔಷಧಿ ಗುರುತಿಸೋ ವಿಷಯ) ಲ್ಯಾಬಲ್ಲಿ ಈ ಗಡ್ಡೇದೇ ಒಣ ಚೂರು ಕೊಟ್ಟು ಗುರುತು ಹಿಡೀರಿ ಅಂತಿದ್ರು. ಪುಸ್ತಕದ ಹೆಸರು ಇಂಡಿಯನ್ ಸ್ಕ್ವಿಲ್. ಮೆಡಿಟರೇನಿಯನ್ ಕಡೆ ಇದರದ್ದೇ ದೊಡ್ಡಣ್ಣ ಒಂದಿದೆ, ಡ್ರಿಮಿಯಾ ಮ್ಯಾರಿಟಿಮಾ, ಯುರೋಪಿನೋರು ಅದನ್ನ ಔಷಧಿಗೆ ಬಳಸ್ತಿದ್ರು, ನಮ್ಮ ದೇಶದಲ್ಲಿ ಅದರ ಬದಲಿಗೆ ಇದನ್ನ ಬಳಸಬಹುದು ಅಂತ ಬ್ರಿಟಿಷ್ ಫಾರ್ಮಕೋಪಿಯಾ ಅನ್ನೋ ಅಧಿಕೃತ ಔಷಧಿ ಪುಸ್ತಕದಲ್ಲೇ ಸೇರಿಸಿದ್ರು. ಕೆಮ್ಮಿನ ಸಿರಪ್‌ಗಳಲ್ಲಿ ಸ್ಕ್ವಿಲ್ ಅಂತ ಇರ್ತಿತ್ತಲ್ಲ, ಇದೇ ವಂಶ. ಕಫ ಕರಗಿಸುತ್ತೆ ಅಂತ ಕೊಡ್ತಿದ್ದದ್ದು ನಿಜ, ಆದ್ರೆ ಅದು ಹೊಟ್ಟೆಯನ್ನ ಕೆರಳಿಸಿ ಮಾಡೋ ಕೆಲಸ, ಪ್ರಮಾಣ ಸ್ವಲ್ಪ ಏರಿದ್ರೂ ವಾಂತಿ.

ವಾಂತಿ ಆದ್ರೆ ಪುಣ್ಯ ಅನ್ಕೊಳಿ. ಇದರಲ್ಲಿರೋದು ಸಿಲ್ಲಾರೆನ್, ಪ್ರೊಸಿಲ್ಲಾರಿಡಿನ್ ಅಂತ ಹೃದಯದ ಮೇಲೆ ಕೆಲಸ ಮಾಡೋ ಗ್ಲೈಕೋಸೈಡ್‌ಗಳು. ಹಾರ್ಟ್ ಪೇಷೆಂಟ್‌ಗೆ ಡಿಗಾಕ್ಸಿನ್ ಮಾತ್ರೆ ಕೊಡ್ತಾರಲ್ಲ, ಹೆಚ್ಚುಕಮ್ಮಿ ಅದೇ ಥರದ ಕೆಲಸ. ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಹೊರಗೆ ಪೊಟ್ಯಾಸಿಯಂ ಒಳಗೆ ಸಾಗಿಸೋ ಪಂಪ್ ಇರುತ್ತೆ, ಅದನ್ನ ತಡೆಯುತ್ತೆ. ಹದದಲ್ಲಿದ್ರೆ ಬಡಿತಕ್ಕೆ ಬಲ, ಹದ ತಪ್ಪಿದ್ರೆ ಬಡಿತದ ಲಯಾನೇ ತಪ್ಪುತ್ತೆ. ಡಿಗಾಕ್ಸಿನ್ ಮಾತ್ರೇಲಿ ಎಷ್ಟಿದೆ ಅಂತ ಮೈಕ್ರೋಗ್ರಾಂ ಲೆಕ್ಕದಲ್ಲಿ ಬರೆದಿರ್ತಾರೆ, ಅಷ್ಟಾದ್ರೂ ಡಾಕ್ಟ್ರು ಆಗಾಗ ರಕ್ತ ಪರೀಕ್ಷೆ ಮಾಡಿಸ್ತಾರೆ. ನಿಮ್ಮ ಚಿಟಿಕೇಲಿ ಎಷ್ಟಿದೆ ಅಂತ ಯಾರು ಬರೆದಿದಾರೆ? ಗಡ್ಡೆಯಿಂದ ಗಡ್ಡೆಗೆ ಬೇರೆ, ಕಾಲದಿಂದ ಕಾಲಕ್ಕೆ ಬೇರೆ. ಈಗಾಗಲೇ ಹಾರ್ಟ್ ಮಾತ್ರೆ ತಗೊಳ್ತಿರೋ ಹಿರಿಯರಿಗೆ ಯಾರಾದ್ರೂ ಇದನ್ನ ಜೇನುತುಪ್ಪದಲ್ಲಿ ಕೊಟ್ರೆ ಕಥೆ ಮುಗೀತು. ಕಿಡ್ನಿ ಸ್ಟೋನ್ ಫಾರ್ವರ್ಡ್ ಬಗ್ಗೆ ಏನೂ ಹೇಳಲ್ಲ, ಡಿಲೀಟ್ ಮಾಡಿ ಸಾಕು.

ಶೇಂಗಾ ಹೊಲ ಅವ್ರೆ, ನಿಮ್ಮಮ್ಮನ ಕೈ ತುರಿಸಿದ್ದು ಅಲರ್ಜಿ ಅಲ್ಲ. ಗಡ್ಡೆ ಒಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರ್ತವೆ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸೂಜಿ ಕಟ್ಟಿನ ಥರ. ಕೆಸುವಿನ ಗಡ್ಡೆ ಹೆಚ್ಚಿದಾಗ ತುರಿಸುತ್ತಲ್ಲ, ಅದೇ ಕಾರಣ. ನನ್ನ ಪ್ರಕಾರ ಆ ಸೂಜಿಗಳೇ ನಿಮ್ಮನೆ ಸಾರು ಉಳಿಸಿದ್ದು. ಚೀಲಾನ ಬಿತ್ತನೆ ಈರುಳ್ಳಿ ಪಕ್ಕದಿಂದ ಇವತ್ತೇ ಎತ್ತಿ, ಎಷ್ಟು ಗಡ್ಡೆ ಇದ್ವು ಈಗ ಎಷ್ಟಿದೆ ಅಂತ ಎಣಿಸಿ. ಯಾರಾದ್ರೂ ತಿಂದ್ರೆ ಮನೆಮದ್ದು ಮಾಡ್ತಾ ಕೂರಬೇಡಿ, ಗಡ್ಡೆ ಸಮೇತ ಸೀದಾ ಆಸ್ಪತ್ರೆಗೆ.

ಉಳ್ಳಾಗಡ್ಡಿ_ಭಜಿ · ಏಪ್ರಿಲ್ 12, ಬೆಳಗ್ಗೆ 10:11

ಆತ್ರಿ, ಚಿಟಿಕಿ ಮಾತ ವಾಪಸ್ ತಗೊಂಡೆ. ನಮ್ಮ ಅಜ್ಜಗ ಕೊಟ್ಟಿದ್ದ ಮುದುಕನೂ ಬಾಯಿಗೆ ಕೊಡತಿರಲಿಲ್ಲ, ಕಾಲಿಗಷ್ಟ ಕಟ್ಟತಿದ್ದ, ಕಟ್ಟಿದ ಮ್ಯಾಲ ಬೂದಿ ಹಚ್ಚಿ ಕೈ ತಿಕ್ಕಿ ತೊಳಕೊಂತಿದ್ದ, ಈಗ ನೆನಪಾತು ನೋಡ್ರಿ. ಬಾಯಿಗೆ ಕೊಡೂದು ನಾ ಗ್ರೂಪಿನಾಗ ಓದಿದ್ದು. ಆದ್ರ ಒಂದ ಮಾತ ಹೇಳ್ತೀನಿ, ಮಳಿಗಾಲದಾಗ ಕುರಿ ಎಲ್ಲಾ ಮೇದು ಬೋಳ ಮಾಡಿದ ಬಯಲಿನಾಗ ಇದರ ಎಲಿ ಅಷ್ಟ ಹಸರಗೆ ನಿಂತಿರತೈತಿ. ಕುರಿಗೆ ಯಾವ ಗ್ರೂಪೂ ಇಲ್ಲ, ಆದ್ರೂ ಗೊತ್ತೈತಿ.

ಪ್ಯಾಟೆ_ಹುಡ್ಗ · ಏಪ್ರಿಲ್ 12, ಮಧ್ಯಾಹ್ನ 1:20

ಸ್ಕ್ವಿಲ್ ಅಂದ್ರೆ ಇಲಿ ಪಾಷಾಣ ಅಲ್ವಾ? ಎಲ್ಲೋ ಓದಿದ್ದೆ. ನಮ್ಮ ಗೋಡೌನಲ್ಲಿ ಇಲಿ ಕಾಟ ಜಾಸ್ತಿ, ಒಂದೆರಡು ಗಡ್ಡೆ ಪಾರ್ಸಲ್ ಮಾಡಿ ಬ್ರೋ.

ಔಷಧಿ_ಅಂಗಡಿ · ಏಪ್ರಿಲ್ 12, ಮಧ್ಯಾಹ್ನ 2:05

ಓದಿದ್ದು ಸರಿ, ಗಿಡ ಬೇರೆ. ಇಲಿ ಪಾಷಾಣಕ್ಕೆ ಹೋಗ್ತಿದ್ದದ್ದು ಮೆಡಿಟರೇನಿಯನ್ ಸ್ಕ್ವಿಲ್‌ನ ಕೆಂಪು ಗಡ್ಡೆ ತಳಿ, ಅದರ ಸಿಲ್ಲಿರೋಸೈಡ್ ಅನ್ನೋ ವಿಷ. ಅದರ ಹಿಂದಿನ ಐಡಿಯಾ ಮಾತ್ರ ಮಜಾ ಇದೆ: ಇಲಿಗೆ ವಾಂತಿ ಮಾಡೋಕೆ ಬರಲ್ಲ. ನಾಯಿ ಬೆಕ್ಕು ತಪ್ಪಿ ತಿಂದ್ರೆ ಕಕ್ಕಿ ಬದುಕ್ಕೊಳ್ಳುತ್ತೆ, ಇಲಿ ನುಂಗಿದ್ದು ನುಂಗಿದ್ದೇ. ನಮ್ಮ ಕಾಡು ಈರುಳ್ಳಿಯಿಂದ ಗೋಡೌನ್ ಪ್ರಯೋಗ ಮಾಡಕ್ಕೆ ಹೋಗ್ಬೇಡಿ, ಬೋನು ತಗೊಳಿ.

ಕ್ರೀಟ್_ಕನ್ನಡಿಗ · ಏಪ್ರಿಲ್ 12, ರಾತ್ರಿ 11:50

ಈ ಥ್ರೆಡ್ ನೋಡಿ ನಿದ್ದೆ ಬಿಟ್ಟು ಬರೀತಿದೀನಿ. ನಾನು ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿದೀನಿ, ಹೋಟೆಲ್ ಕೆಲಸ, ಊರು ಹಾಸನ. ಮೇಲೆ ಔಷಧಿ ಅಂಗಡಿಯವ್ರು ದೊಡ್ಡಣ್ಣ ಅಂದ್ರಲ್ಲ, ಆ ದೊಡ್ಡಣ್ಣ ಇಲ್ಲಿ ಸಮುದ್ರದ ಪಕ್ಕ, ಕಲ್ಲುಗುಡ್ಡ, ಮರಳು, ಎಲ್ಲಿ ನೋಡಿದ್ರೂ ಇದಾನೆ. ಗಡ್ಡೆ ಒಂದೊಂದು ತೆಂಗಿನಕಾಯಿ ಗಾತ್ರ, ಕೆಲವು ಎರಡು ಕೇಜಿ ತೂಗ್ತವೆ, ಅರ್ಧ ನೆಲದಿಂದ ಹೊರಗೇ ಇಣುಕ್ತಿರುತ್ತೆ. ಇಲ್ಲಿ ಮಳೆ ಚಳಿಗಾಲದಲ್ಲಿ ಅಲ್ವಾ, ಅದಕ್ಕೆ ಪಾಳಿ ಉಲ್ಟಾ, ಬೇಸಿಗೆ ಕೊನೆಗೆ ಆಗಸ್ಟ್ ಸೆಪ್ಟೆಂಬರಲ್ಲಿ ಎಲೆ ಇಲ್ಲದ ಕೋಲು, ಆಳೆತ್ತರ ಹತ್ತಿರ ಬರುತ್ತೆ, ಬಿಳಿ ಹೂವು ಕೆಳಗಿಂದ ಮೇಲಕ್ಕೆ ದಿನಾ ಒಂದಷ್ಟು ಬಿಡ್ತಾ ಹೋಗುತ್ತೆ. ಶೇಂಗಾ ಹೊಲ ಅವರ ಹೂವು ನಾಚಿಕೆ ಸ್ವಭಾವದ್ದು, ಇದು ಜಾತ್ರೆ ತೇರು.

ವಿಷಯ ಏನಂದ್ರೆ, ಇಲ್ಲಿನೋರು ಹೊಸ ವರ್ಷಕ್ಕೆ ಈ ಗಡ್ಡೆ ಕಿತ್ತು ಬಾಗಿಲಿಗೆ ನೇತು ಹಾಕ್ತಾರೆ! ಡಿಸೆಂಬರ್ ಕೊನೇಲಿ ಮಾರ್ಕೆಟಲ್ಲಿ ಬಣ್ಣದ ಕಾಗದ ಸುತ್ತಿ ಮಾರ್ತಾರೆ. ಮೊದಲ ವರ್ಷ ನಾನು ಇದೇನಪ್ಪ ಈರುಳ್ಳಿಗೆ ಗಿಫ್ಟ್ ಪ್ಯಾಕ್ ಅನ್ಕೊಂಡೆ. ಇವ್ರೂ ಅದನ್ನ ಈರುಳ್ಳಿ ಹೆಸರಲ್ಲೇ ಕರೆಯೋದು, ಕ್ರೆಮ್ಮಿದಾ ಅಂತ. ಯಾಕೆ ನೇತು ಹಾಕ್ತೀರಾ ಅಂತ ನಮ್ಮ ಮನೆ ಓನರ್ ಅಜ್ಜೀನ ಕೇಳ್ದೆ, ನೆಲದಿಂದ ಕಿತ್ರೂ ಚಿಗುರುತ್ತೆ, ಸಾಯಲ್ಲ, ಅದಕ್ಕೆ ಮನೆಗೆ ಒಳ್ಳೇದು ಅಂದ್ರು. ಬಾಗಿಲ ಮುಂದೆ ಇದನ್ನ ನೆಟ್ರೆ ಕೆಟ್ಟದ್ದು ಒಳಗೆ ಬರಲ್ಲ ಅಂತ ಎರಡು ಸಾವಿರ ವರ್ಷಕ್ಕೂ ಹಿಂದೆ ಥಿಯೋಫ್ರಾಸ್ಟಸ್ ಅನ್ನೋ ಗ್ರೀಕ್ ಪಂಡಿತನೇ ಬರೆದಿಟ್ಟಿದಾನಂತೆ.

ನನಗೆ ತಕ್ಷಣ ಹಾಸನದ ಮನೆ ನೆನಪಾಯ್ತು. ನಮ್ಮಮ್ಮ ಲೋಳೆಸರಾನ ಬೇರು ಸಮೇತ ತಲೆಕೆಳಗೆ ಬಾಗಿಲಿಗೆ ಕಟ್ಟಿರ್ತಾರೆ, ವರ್ಷಗಟ್ಟಲೆ ಗಾಳೀಲೇ ಬದುಕಿರುತ್ತೆ, ಒಂದ್ಸಲ ಹೂವೂ ಬಿಟ್ಟಿತ್ತು. ಆ ಅಜ್ಜಿಗೆ ವಿಡಿಯೋ ಕಾಲಲ್ಲಿ ತೋರಿಸ್ದೆ. ನಿಮ್ಮೋರಿಗೂ ಗೊತ್ತಿದೆ ಬಿಡು ಅಂದ್ರು.

ಶೇಂಗಾ ಹೊಲ ಅವ್ರೆ, ನಿಮ್ಮ ಪಕ್ಕದ ಮನೆ ಅಜ್ಜಿ ಅಡುಗೆ ಮನೆ ಹತ್ರ ಇಡಬ್ಯಾಡ ಅಂದಿದ್ದು ಅಪಶಕುನಕ್ಕಲ್ಲ ಅನ್ಸುತ್ತೆ, ಯಾರೋ ಯಾವತ್ತೋ ಹೆಚ್ಚಿ ಸಾರಿಗೆ ಹಾಕಿರಬೇಕು.

ಶೇಂಗಾ_ಹೊಲ · ಏಪ್ರಿಲ್ 14, ಸಂಜೆ 7:30

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಓಡಾಡಿದ್ದೇ ಆಯ್ತು.

ಮೊದಲು ಎಣಿಸಿದ್ವಿ. ಅಮ್ಮ ಹೇಳೋ ಪ್ರಕಾರ ಹದಿಮೂರು, ಹೆಚ್ಚಿದ್ದು ಒಂದು, ಚೀಲದಲ್ಲಿ ಸಿಕ್ಕಿದ್ದು ಹನ್ನೊಂದು. ಮನೆ ಪೂರ್ತಿ ಗಾಬರಿ. ಬಿತ್ತನೆ ಈರುಳ್ಳಿ ಚೀಲ ಎರಡನ್ನೂ ಅಂಗಳದಲ್ಲಿ ಸುರಿದು ಒಂದೊಂದೇ ಮೂಸಿ ನೋಡಿದ್ವಿ, ಮಾಡೋಕೆ ಬೇರೆ ಕೆಲಸ ಇಲ್ಲ ಅಂತ ಬೀದಿಯೋರೆಲ್ಲ ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಹನ್ನೆರಡನೇದು ಸಿಕ್ಕಿದ್ದು ತಿಪ್ಪೆ ಪಕ್ಕ, ಹೆಚ್ಚಿದ್ದರ ಜೊತೆ ಇನ್ನೊಂದನ್ನೂ ಅಮ್ಮ ಎಸೆದಿದ್ರು, ಅದು ಅಲ್ಲೇ ಕೋಲು ಎತ್ತಿ ಹೂ ಬಿಟ್ಕೊಂಡು ನಿಂತಿದೆ. ಏನು ಹಠ ರೀ ಇದಕ್ಕೆ.

ಅಜ್ಜಿ ಹತ್ರ ಹೋಗಿ, ಕ್ರೀಟ್ ಅವರು ಹೇಳಿದಂಗೆ, ಯಾರಾದ್ರೂ ತಿಂದಿದ್ರಾ ಅಜ್ಜಿ ಅಂತ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಬರಗಾಲದಲ್ಲಿ ತಮ್ಮ ತವರಿನ ಕಡೆ ಗೊತ್ತಿಲ್ದೆ ಅಗೆದು ಬೇಯಿಸ್ಕೊಂಡಿದ್ರು ಅಂದ್ರು. ಅಷ್ಟೇ ಹೇಳಿದ್ದು. ನಾನೂ ಮುಂದಕ್ಕೆ ಕೇಳ್ಲಿಲ್ಲ.

ಮೇಷ್ಟ್ರು ಹೇಳಿದ ಹಾಗೆ ಹೊಲದ ಮೂಲೆಗೂ ಹೋದೆ. ಸಾರ್, ಅಲ್ಲಿ ನಾನು ಹುಟ್ಟಿದಾಗಿಂದ ಓಡಾಡಿದೀನಿ, ಕ್ರಿಕೆಟ್ ಆಡಿದೀನಿ, ಒಂದು ದಿನಾನೂ ಕಣ್ಣಿಗೆ ಬಿದ್ದಿಲ್ಲ. ಇವತ್ತು ಬಗ್ಗಿ ಬೆಳಕಿಗೆ ಅಡ್ಡ ಹಿಡಿದು ನೋಡಿದ್ರೆ ಜಾಲಿ ಮಧ್ಯೆ ಒಂಬತ್ತು ಕೋಲು ನಿಂತಿವೆ! ಬಣ್ಣ ಸುತ್ತಲಿನ ಒಣಹುಲ್ಲಿಂದೇ, ಎಲೆ ಇಲ್ಲ, ಮೂರು ಹೆಜ್ಜೆ ದೂರ ಹೋದ್ರೆ ಕಾಣಲ್ಲ. ಕೆಲವು ಕೋಲಲ್ಲಿ ಆಗಲೇ ಮೂರು ಏಣಿನ ಹಸಿರು ಕಾಯಿ ಕಟ್ಟಿದೆ. ಸ್ಟೋರ್ ರೂಮಿನ ಕೋಲುಗಳಲ್ಲಿ ಒಂದೂ ಕಾಯಿ ಇಲ್ಲ, ಹೂವು ಒಂದು ದಿನಾನೂ ನಿಲ್ಲಲ್ಲ, ಮುದುಡಿ ಉದುರಿ ಹೋಗ್ತಿವೆ. ಅದ್ಯಾಕೆ ಹಂಗೆ? ಮತ್ತೆ ಈ ಹನ್ನೆರಡನ್ನ ಏನು ಮಾಡ್ಲಿ, ವಾಪಸ್ ನೆಟ್ರೆ ಬದುಕ್ತವಾ?

ಬಾಟನಿ_ಮೇಷ್ಟ್ರು · ಏಪ್ರಿಲ್ 15, ಬೆಳಗ್ಗೆ 6:05

ಬದುಕ್ತವೆ, ತಿಪ್ಪೇಲೇ ಬದುಕಿದೆಯಲ್ಲ.

ಕಾಯಿ ಕಟ್ಟದಿರೋಕೆ ದೊಡ್ಡ ಕಾರಣ ನಿಮ್ಮ ಬಾಗಿಲು. ಹೂವಿಗೆ ಸಿಗೋದೇ ಕೆಲವು ಗಂಟೆ, ಅಷ್ಟರಲ್ಲಿ ಹುಳ ಬರಬೇಕು, ಮುಚ್ಚಿದ ಕೋಣೆಗೆ ಯಾವ ಹುಳ ಬರುತ್ತೆ? ಇನ್ನೊಂದು ಕಾರಣಾನೂ ಇರಬಹುದು, ಇದು ನನಗೆ ಇಷ್ಟದ ವಿಷಯ ಆದ್ದರಿಂದ ಸ್ವಲ್ಪ ಸಹಿಸ್ಕೊಳಿ. ಈ ಗಿಡದ ಕ್ರೋಮೋಸೋಮ್ ಎಣಿಸಿದೋರಿಗೆ ಕೆಲವು ಗಿಡದಲ್ಲಿ 20, ಕೆಲವದರಲ್ಲಿ 30, ಕೆಲವದರಲ್ಲಿ 40 ಸಿಕ್ಕಿದೆ. 30 ಇರೋದು ಅಂದ್ರೆ ಹತ್ತು ಹತ್ತರ ಮೂರು ಸೆಟ್. ಬೀಜ ಕಟ್ಟೋವಾಗ ಎರಡು ಪಾಲು ಮಾಡಬೇಕು, ಮೂರನ್ನ ಸಮ ಪಾಲು ಮಾಡೋದು ಹೆಂಗೆ, ಅಲ್ಲೇ ಲೆಕ್ಕ ತಪ್ಪುತ್ತೆ. ಬಾಳೆಹಣ್ಣಲ್ಲಿ ಬೀಜ ಇಲ್ದೇ ಇರೋದಕ್ಕೂ ಇದೇ ಒಂದು ಕಾರಣ. ಅಂಥ ಗಿಡ ಬೀಜದ ಗೊಡವೆಗೆ ಹೋಗದೆ ಪಕ್ಕದಲ್ಲಿ ಮರಿಗಡ್ಡೆ ಹಾಕ್ಕೊಂಡು ಸಂಸಾರ ಬೆಳೆಸುತ್ತೆ. ನಿಮ್ಮ ಹೊಲದಲ್ಲಿ ಕಾಯಿ ಕಟ್ಟಿರೋದ್ರಿಂದ ಅಲ್ಲಿರೋವಾದ್ರೂ ಆ ಪೈಕಿ ಅಲ್ಲ ಅನ್ಸುತ್ತೆ.

ನೆಡೋದಕ್ಕೆ ಗೊಬ್ಬರ, ಕೆಂಪು ಮಣ್ಣು, ಡ್ರಿಪ್ ಏನೂ ಬೇಡ, ಪ್ರೀತಿ ಜಾಸ್ತಿ ಆದ್ರೇನೇ ಸಾಯೋದು. ಈ ಗಡ್ಡೆಗೆ ಮರಳು ಯಾಕೆ ಇಷ್ಟ ಅಂದ್ರೆ ನೀರು ನಿಲ್ಲಲ್ಲ. ಜಿಗುಟು ಮಣ್ಣಲ್ಲಿ ನೀರು ನಿಂತ್ರೆ ಈ ಲೋಳೆ ಗಡ್ಡೆ ಕೊಳೆತು ಹೋಗುತ್ತೆ. ಎಲ್ಲಿಂದ ತಂದ್ರೋ ಅದೇ ಮೂಲೇಲಿ, ಹೂವಿನ ಕೋಲು ಒಣಗಿದ್ಮೇಲೆ, ಮಳೆಗೆ ಮುಂಚೆ, ಒಂದು ಗೇಣು ಆಳದಲ್ಲಿ ಕೂರಿಸಿ. ಇನ್ನೂ ಆಳ ಬೇಕು ಅನ್ಸಿದ್ರೆ ಅದೇ ಹೋಗುತ್ತೆ, ಇಂಥ ಗಡ್ಡೆಗಳ ಬೇರು ಸುಕ್ಕುಗಟ್ಟಿ ಗಿಡ್ಡ ಆಗ್ತಾ ಗಡ್ಡೇನ ಕೆಳಕ್ಕೆ ಎಳ್ಕೊಳ್ಳುತ್ತೆ. ಮಕ್ಕಳು ಆಡೋ ಕಡೆ, ಈರುಳ್ಳಿ ಮಡಿ ಪಕ್ಕ ಮಾತ್ರ ಬೇಡ. ನೆಡೋವಾಗ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಕೊಳಿ.

ಇನ್ನೊಂದು ಮಾತು. ಆ ಮೂಲೆ ಮರಳಿಗೆ ಯಾರಾದ್ರೂ ಟ್ರ್ಯಾಕ್ಟರ್ ತಂದು ರೇಟ್ ಕೇಳೇ ಕೇಳ್ತಾರೆ, ಹಗರಿ ದಂಡೆ ಅಂದ್ಮೇಲೆ. ನಿಮ್ಮ ತಂದೆಯವರಿಗೆ ಹೇಳಿಡಿ.

ಶೇಂಗಾ_ಹೊಲ · ಏಪ್ರಿಲ್ 15, ಬೆಳಗ್ಗೆ 8:20

ಹೋದ ವರ್ಷಾನೇ ಕೇಳಿದ್ರು ಸಾರ್. ಅಪ್ಪ ಕೊಟ್ಟಿಲ್ಲ, ಕಾರಣ ಈ ಹೂವಲ್ಲ, ರೇಟ್ ಕಮ್ಮಿ ಅಂತ 😄

ಶೇಂಗಾ_ಹೊಲ · ಜುಲೈ 6, ಮಧ್ಯಾಹ್ನ 12:45

ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ, ಬಿತ್ತನೆ ಗಡಿಬಿಡೀಲಿ ತಡ ಆಯ್ತು.

ಮೇ ಕೊನೇಲಿ ಹನ್ನೆರಡೂ ವಾಪಸ್ ಮರಳಿಗೆ ಹಾಕಿದ್ವಿ. ಆ ವಾರಾನೇ ಒಂದು ಹದ ಮಳೆ ಬಂತು, ಆಮೇಲೆ ಇಪ್ಪತ್ತು ದಿನ ಮುಗಿಲು ನೋಡಿದ್ದೇ ಬಂತು, ಶೇಂಗಾ ಬಿತ್ತಿದೋರೆಲ್ಲ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ವಿ. ಈ ಗಡ್ಡೆಗಳು ಮಾತ್ರ ಆ ಒಂದೇ ಮಳೆಗೆ ಎಲೆ ಹೊರಗೆ ಹಾಕಿದ್ವು, ಹನ್ನೆರಡರಲ್ಲಿ ಹತ್ತು. ಒಂದೊಂದರಲ್ಲಿ ನಾಲ್ಕೈದು ಪಟ್ಟಿ, ಗೇಣುದ್ದ ಆಗಿದೆ, ಬಣ್ಣ ಒಳ್ಳೇ ಹಸಿರು. ಉಳಿದ ಎರಡು ಏನಾಯ್ತೋ, ಅಗೆದು ನೋಡೋಕೆ ಮನಸ್ಸಿಲ್ಲ. ಪಕ್ಕದ ಹೊಲದೋರ ಕುರಿ ಎರಡು ಸಲ ನುಗ್ಗಿ ಎಲ್ಲಾ ಸವರಿಕೊಂಡು ಹೋದ್ವು, ಇದನ್ನ ಮೂಸಿ ಬಿಟ್ವು. ಭಜಿ ಅಣ್ಣ, ನಿಮ್ಮ ಮಾತು ನೂರಕ್ಕೆ ನೂರು.

ಅಮ್ಮ ಈಗ ಈರುಳ್ಳಿ ಹೆಚ್ಚೋಕೆ ಮುಂಚೆ ಪ್ರತಿಯೊಂದನ್ನೂ ಮೂಸ್ತಾರೆ. ಅಂಗಡಿಯಿಂದ ತಂದಿದ್ದನ್ನೂ.

ಉಪ್ಪುಗಾಳಿ · ಜುಲೈ 6, ರಾತ್ರಿ 9:15

ಒಳ್ಳೇದಾಯ್ತು ಮಾರಾಯ್ರೆ. ನಮ್ಮ ಬಿಳಿ ಹೂವು ಜೂನಲ್ಲೇ ಆಗಿ ಹೋಯ್ತು, ಈ ಸಲ ನಾನೂ ಬಟ್ಟಲು ಉಂಟಾ ಅಂತ ಬಗ್ಗಿ ನೋಡಿ ಬಂದೆ. ಉಂಟು. ನಿಮ್ಮದರ ಬೀಜ ಇದ್ರೆ ಒಂದು ನಾಲ್ಕು ಪೋಸ್ಟ್ ಮಾಡ್ತೀರಾ? ನಮ್ಮಲ್ಲಿ ಮರಳಿಗೇನೂ ಬರ ಇಲ್ಲ.

ಶೇಂಗಾ_ಹೊಲ · ಜುಲೈ 6, ರಾತ್ರಿ 9:50

ಕಾಯಿ ಒಡೆದಾಗ ನೋಡ್ದೆ, ಒಳಗೆ ಕಪ್ಪಗೆ ಚಪ್ಪಟೆ ಬೀಜ, ಕಾಗದದ ಚೂರಿನ ಥರ. ಕವರ್ ತರೋಣ ಅಂತ ಮನೆಗೆ ಬಂದು ಹೋಗೋಷ್ಟರಲ್ಲಿ ಆಷಾಢದ ಗಾಳಿ, ಒಂದೂ ಇರ್ಲಿಲ್ಲ. ಮುಂದಿನ ಏಪ್ರಿಲ್‌ಗೆ ನೆನಪು ಮಾಡಿ.